ಇನ್ನೊಂದು ಗಂಟೆ ಅಷ್ಟೇ

ವಿಮಾನ ಕಂಪನಿಯೊಂದರ ವಿಚಾರಣೆ ಫೋನಿನ ಮುಂದೆ ನಾನು ಕೂತು ಹನ್ನೊಂದು ವರ್ಷವಾಯಿತು. ಎಲ್ಲಿಂದ ಎಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಹೇಳಿ ಹೇಳಿ ಬಾಯಿ ಒಣಗಿದೆಯೇ ಹೊರತು, ಒಮ್ಮೆಯೂ ವಿಮಾನ ಹತ್ತಿದವಳಲ್ಲ.

ಐದು ವರ್ಷದ ಹಿಂದೆ, ಸರಿಯಾಗಿ ಊಟದ ಹೊತ್ತಿಗೆ, ಒಬ್ಬ ಹೆಂಗಸು ಫೋನ್ ಮಾಡಿ ನಮ್ಮ ಅತಿ ದೂರದ ವಿಮಾನದ ಬಗ್ಗೆ ಕೇಳಿದಳು.

"ಹದಿಮೂರು ಸಾವಿರ ಕಿಲೋಮೀಟರ್, ಹದಿನೈದು ಗಂಟೆ ಮೇಡಂ," ಎಂದೆ.

"ಹದಿನೈದು ಆಗೋಯ್ತಲ್ಲಮ್ಮಾ. ಇನ್ನೂ ಎಷ್ಟು ಹೊತ್ತು?"

ಅವಳ ಹಿಂದೆ ಒಂದೇ ಸಮನೆ ಗುಂಯ್‌ಗುಡುವ ಸದ್ದು, ಹಸುಗೂಸಿನ ಅಳು. ಪಟ್ಟಿ ನೋಡಿದರೆ ಆ ದಿನ ಆ ವಿಮಾನವೇ ಇರಲಿಲ್ಲ. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ತಪ್ಪಿಸಿಕೊಂಡರೆ ಸಾಕೆಂದು, "ಇನ್ನೊಂದು ಗಂಟೆ ಅಷ್ಟೇ," ಎಂದುಬಿಟ್ಟೆ.

ಅಂದಿನಿಂದ ವಾರಕ್ಕೊಮ್ಮೆ ಅದೇ ಕರೆ, ಅದೇ ಪ್ರಶ್ನೆ. ನನ್ನದೂ ಅದೇ ಉತ್ತರ. ಅವಳು ಮಾತಾಡುವಷ್ಟು ಹೊತ್ತೂ ರಿಸೀವರ್ ಮಂಜಿನಂತೆ ಕೊರೆಯುತ್ತದೆ, ಕಿವಿ ಗಪ್ಪನೆ ಕಟ್ಟಿಕೊಳ್ಳುತ್ತದೆ. ಒಮ್ಮೆ ಪಕ್ಕದ ಮೇಜಿನವಳ ಕೈಗೆ ಕೊಟ್ಟೆ. "ಯಪ್ಪಾ, ಬೇಡ ಕಣೇ, ನೀನೇ ಇಟ್ಕೋ," ಎಂದು ಕಿವಿ ಉಜ್ಜಿಕೊಳ್ಳುತ್ತ ವಾಪಸ್ ಕೊಟ್ಟಳು.

ಮೊನ್ನೆ ಫೋನ್ ಮಾಡಿದ್ದು ಅವಳಲ್ಲ, ಒಂದು ಪುಟ್ಟ ಹುಡುಗಿ. ಹಿಂದೆ ಅದೇ ಸದ್ದಿತ್ತು, ಕೂಸಿನ ಅಳು ಮಾತ್ರ ಇರಲಿಲ್ಲ.

"ಆಂಟಿ, ಅಮ್ಮ ಎಬ್ಬಿಸಿದ್ರೂ ಏಳ್ತಿಲ್ಲ. ಇನ್ನೂ ಎಷ್ಟು ಹೊತ್ತು?"

ನಾನು ಅದೇ ಉತ್ತರ ಕೊಟ್ಟೆ: "ಇನ್ನೊಂದು ಗಂಟೆ ಅಷ್ಟೇ, ಪುಟ್ಟಿ."

ಹುಡುಗಿ ಫೋನಿನಿಂದ ಮುಖ ತಿರುಗಿಸಿ ಕೂಗಿ ಹೇಳಿತು: "ಇನ್ನೊಂದು ಗಂಟೆ ಅಂತೆ!"

ನೂರಾರು ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.