ಒಂದೇ ಗ್ಲಾಸಿನ ಗಂಡಸು

ಆ ಮನುಷ್ಯ ಹಿರಿಯರೊಬ್ಬರ ಕೈಯಿಂದ ಗ್ಲಾಸ್ ಕಿತ್ತುಕೊಂಡದ್ದನ್ನು ಅವಳು ಕಣ್ಣಾರೆ ಕಂಡಳು.

ತಂಗಿಯ ಮದುವೆಯ ಊಟದ ಹೊತ್ತು. ಹೋಟೆಲಿನ ಹಿಂದಿನ ಹುಲ್ಲುಹಾಸಿನ ಮೇಲೆ ಮೇಜುಗಳು, ಮೂಲೆಯಲ್ಲಿ ಬಿಟ್ಟಿ ಕುಡಿತದ ಕೌಂಟರ್. ಮನೆಯಲ್ಲಿ ಕಾಫಿಗೂ ಸಕ್ಕರೆ ಎಣಿಸುವ ಮಹಾನುಭಾವರು ಇಲ್ಲಿ ಎರಡೂ ಕೈಯಲ್ಲಿ ಗ್ಲಾಸ್ ಹಿಡಿದು ನಿಂತಿದ್ದರು. ಸೋದರಮಾವ ಆಗಲೇ ಯಾರದೋ ಹೆಗಲಿಗೆ ಒರಗಿ ಅಳುತ್ತಿದ್ದ. ಅದು ಯಾರ ಹೆಗಲೆಂದು ಅವನಿಗೂ ಗೊತ್ತಿರಲಿಲ್ಲ.

ಅವಳಿಗೆ ಇವರನ್ನೆಲ್ಲ ಕಂಡರೆ ಅಸಹ್ಯ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವಳಿಗೆ ಮನೆಯವರು ಇಟ್ಟ ಹೆಸರು ಕತ್ತರಿ. ನಾಲಿಗೆ ಹಾಗಿತ್ತು.

ಕತ್ತರಿ ನೇರವಾಗಿ ಹೋಗಿ ಅವನೆದುರು ನಿಂತಿತು.

"ಬಿಟ್ಟಿ ಸಿಗ್ತಾ ಇದೆ. ಆದ್ರೂ ಇನ್ನೊಬ್ಬರ ಕೈಯಿಂದ ಕಿತ್ಕೊಂಡೇ ಕುಡೀಬೇಕಾ?"

ಅವನು ತಿರುಗಿದ. ಒಂದು ಕೈಯಲ್ಲಿ ತನ್ನ ಅರ್ಧ ಗ್ಲಾಸ್, ಇನ್ನೊಂದರಲ್ಲಿ ಕಿತ್ತುಕೊಂಡದ್ದು. 'ಎಷ್ಟು ಶಾಂತವಾದ ಕಣ್ಣು...' ಎಂದುಕೊಂಡ ತನ್ನ ಮನಸ್ಸಿಗೇ ಅವಳು ಛೀಮಾರಿ ಹಾಕಿದಳು.

"ನೀವು ಏನಾದ್ರೂ ತಿಂದ್ರಾ?" ಎಂದ.

"ನನ್ನ ಹೊಟ್ಟೆ ವಿಚಾರ ನಿಮಗ್ಯಾಕೆ?"

ತಿಂದಿರಲಿಲ್ಲ. ಬೆಳಗಿನಿಂದ ತಂಗಿಯ ಸೆರಗು, ನೆಂಟರ ಕೋಣೆ, ಹೂವಿನವನ ಜಗಳ ಎಂದು ಓಡಾಡಿದ್ದೇ ಬಂತು. ಅವನು ವರನ ಗೆಳೆಯ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ ಎಂದು ಚಿಕ್ಕಮ್ಮ ಹೇಳಿದಳು. ಕುಡುಕನ ಕೈಗೆ ಸ್ಟೀರಿಂಗು... ಅವಳ ತಿರಸ್ಕಾರಕ್ಕೆ ಇನ್ನೇನು ಬೇಕಿತ್ತು.

ಆಮೇಲೆ ಎಲ್ಲರೂ ವಧೂವರರಿಗಾಗಿ ಗ್ಲಾಸ್ ಎತ್ತಿದರು. ಎಂದೂ ಕುಡಿಯದವಳು ತಂಗಿಗೋಸ್ಕರ ಎಂದು ವೈನ್ ಕುಡಿದಳು. ಸಿಹಿಯಾಗಿತ್ತು. ಇನ್ನೊಂದು ಕುಡಿದಳು. ಅದರ ನಂತರದ್ದು ಅವಳ ಲೆಕ್ಕಕ್ಕೆ ಸಿಗಲಿಲ್ಲ. ಖಾಲಿ ಹೊಟ್ಟೆ, ನೆತ್ತಿಯ ಮೇಲೆ ಬಿಸಿಲು.

ಅಕ್ಕ ಎರಡು ಮಾತಾಡಲಿ ಎಂದು ಯಾರೋ ಅವಳ ಕೈಗೆ ಮೈಕ್ ಕೊಟ್ಟರು. ತಂಗಿಯ ಬಗ್ಗೆ ಒಂದು ವಾಕ್ಯ ಆಡಿದಳು. ಉಳಿದದ್ದೆಲ್ಲ ಅವನ ಬಗ್ಗೆ.

"ಅಲ್ಲಿ ನಿಂತಿದ್ದಾರಲ್ಲ, ಡ್ರೈವಿಂಗ್ ಮೇಷ್ಟ್ರು... ಮುದುಕರ ಗ್ಲಾಸನ್ನೂ ಬಿಡದ ಕುಡುಕ. ಇವರ ಕೈಗೆ ನಿಮ್ಮ ಮಕ್ಕಳನ್ನ ಕೊಡ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಸೋದರಮಾವ ಒಬ್ಬನೇ ಚಪ್ಪಾಳೆ ತಟ್ಟಿದ. ಅವಳು ಮೈಕಿನ ಸ್ಟ್ಯಾಂಡ್ ತಬ್ಬಿಕೊಂಡು ಮೆಲ್ಲಗೆ ಕೆಳಗೆ ಜಾರಿದಳು.

ಅವಳನ್ನು ನೆರಳಿಗೆ ಕರೆದೊಯ್ದು, ನೀರು ಕುಡಿಸಿ, ಮುಖ ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟವನು ಅವನೇ. ಅವನ ಮುಖ ಹೊಡೆತ ತಿಂದವನಂತಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಅವಳ ಹಾಸಿಗೆಯ ಅಂಚಿನಲ್ಲಿ ಬಂದು ಕುಳಿತಳು. ತಲೆ ಸವರುವುದಕ್ಕಲ್ಲ.

ಆ ಹಿರಿಯರು ವರನ ದೊಡ್ಡಪ್ಪ. ಊಟವಾದ ಮೇಲೆ ಅಜ್ಜಿಯನ್ನು ಕಾರಿನಲ್ಲಿ ಮನೆ ಮುಟ್ಟಿಸಬೇಕಾದವರು. ಅದು ಗೊತ್ತಿದ್ದೇ ಅವನು ಮೊದಲು ಗ್ಲಾಸ್, ಆಮೇಲೆ ಕಾರಿನ ಕೀ ಇಸಿದುಕೊಂಡು, ಅಜ್ಜಿಗೆ ಟ್ಯಾಕ್ಸಿ ಮಾಡಿಕೊಟ್ಟಿದ್ದ. ಹೊಸ ಬೀಗರ ಎದುರು ದೊಡ್ಡಪ್ಪನ ಮಾನ ಹೋಗಬಾರದೆಂದು ಯಾರಿಗೂ ಹೇಳಿರಲಿಲ್ಲ. ತಾನು ಕುಡಿಯುವ ದಿನವೆಂದು ತನ್ನ ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದಿದ್ದ. ಹೊಟ್ಟೆ ತುಂಬ ಉಂಡು, ಒಂದೇ ಗ್ಲಾಸನ್ನು ಸಂಜೆಯವರೆಗೆ ಹಿಡಿದುಕೊಂಡಿದ್ದ.

"ಅಷ್ಟು ಜನರಲ್ಲಿ ಮನುಷ್ಯನ ಹಾಗೆ ಕುಡಿದವನು ಅವನೊಬ್ಬ ಕಣೇ," ಎಂದಳು ಅಜ್ಜಿ. "ಅವನನ್ನೇ ಹುಡುಕಿ ಉಗಿದ್ಯಲ್ಲ. ಕಣ್ಣಿನ ಡಾಕ್ಟ್ರಂತೆ ನೀನು."

ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಇಷ್ಟು ವರ್ಷ ಊರಿನವರಿಗೆಲ್ಲ ಹಂಚಿದ ಅಸಹ್ಯ ಪೂರ್ತಿ ಈಗ ಅವಳೊಬ್ಬಳ ಪಾಲಿಗೆ ಬಂದಿತ್ತು.

ವಾರದೊಳಗೆ ತಂಗಿ ಫೋನ್ ಮಾಡಿ, ಹಲವರು ಅವನ ಸ್ಕೂಲಿನಿಂದ ಮಕ್ಕಳನ್ನು ಬಿಡಿಸಿದ್ದಾರೆ ಎಂದಳು. ಅವಳು ಅಂಗಡಿಗೆ ರಜೆ ಹಾಕಿ ಆ ಮನೆಗಳ ಬಾಗಿಲು ತಟ್ಟುತ್ತಾ ಹೋದಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು: ಅವತ್ತು ಕುಡಿದಿದ್ದವಳು ನಾನು, ಅವರಲ್ಲ. ಒಬ್ಬ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಒಳ್ಳೆ ಮನೆತನದ ಹುಡುಗಿ ಅಂದ್ಕೊಂಡಿದ್ದೆ ಎಂದಳು. ಅವಳು ತಲೆ ತಗ್ಗಿಸಿ ಮುಂದಿನ ಮನೆಯ ಬಾಗಿಲಿಗೆ ನಡೆದಳು.

ಕೊನೆಗೆ ಅವನ ಆಫೀಸಿಗೆ ಹೋದಳು. ಕಿರಿದಾದ ಕೋಣೆ, ಗೋಡೆ ತುಂಬ ರಸ್ತೆಯ ಚಿಹ್ನೆಗಳು.

"ಇಲ್ಲಿ ಮೈಕ್ ಇಲ್ಲ," ಎಂದ ಅವನು, ತಲೆಯೆತ್ತದೆ.

"ಅಷ್ಟು ಮನೆಗೆ ಹೋಗಿ ಹೇಳಿ ಬಂದೆ. ನಿಮ್ಮೊಬ್ಬರ ಹತ್ರ ಬರೋಕೆ ಧೈರ್ಯ ಇರಲಿಲ್ಲ... ತಪ್ಪಾಯ್ತು."

ಅವನು ಈಗ ತಲೆಯೆತ್ತಿ ನೋಡಿದ.

"ಸಿಟ್ಟು ಬಂದಿತ್ತು. ಅವತ್ತಿಂದ ಬರೀ ನಿಮ್ಮನ್ನೇ ಬೈಕೊಂಡು ಕೂತಿದ್ದೆ. ಈಗ ಸಿಟ್ಟು ಹೋಗಿದೆ... ನೀವು ಮಾತ್ರ ತಲೆಯಿಂದ ಹೋಗ್ತಿಲ್ಲ."

ಅವಳು ಅವಸರದಲ್ಲಿ, ನನಗೂ ಕಾರು ಕಲಿಸಿ ಎಂದುಬಿಟ್ಟಳು.

ಕಲಿತಳು... ಅಂದರೆ, ಕಲಿಯುತ್ತಲೇ ಇದ್ದಳು. ಅಂಥ ದಡ್ಡ ಶಿಷ್ಯೆ ಅವನಿಗೆ ಮೊದಲು ಸಿಕ್ಕಿರಲಿಲ್ಲ. ಅದನ್ನು ಅವನು ದಿನವೂ ಹೇಳುತ್ತಿದ್ದ, ಅವಳು ದಿನವೂ ಮೂಗು ಮುರಿಯುತ್ತಿದ್ದಳು. ಪಾಠದ ಗಂಟೆ ಮುಗಿದ ಮೇಲೂ ಇಬ್ಬರೂ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಿಗ್ನಲಿನ ಬಾಯಲ್ಲೇ ಕಾರು ಆಫ್ ಆಯಿತು. ಗಾಬರಿಯಲ್ಲಿ ಗೇರ್ ಎಳೆಯುತ್ತಿದ್ದ ಅವಳ ಕೈಯ ಮೇಲೆ ಅವನು ಕೈಯಿಟ್ಟ. ಹಿಂದಿನಿಂದ ಹಾರ್ನುಗಳ ಸುರಿಮಳೆ. ಅವಳು ಕೀ ಮುಟ್ಟಲಿಲ್ಲ.

"ನನ್ನಂಥವಳ ಪಕ್ಕ... ಜೀವನಪೂರ್ತಿ ಕೂರ್ತೀರಾ?"

"ನೀವು ಓಡಿಸೋದು ನೋಡಿದ್ರೆ ಜೀವ ಎಷ್ಟು ದಿನ ಇರುತ್ತೋ ಗೊತ್ತಿಲ್ಲ." ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದ. "ಇರೋವರೆಗೂ ಕೂರ್ತೀನಿ."

ಅವಳ ಕಣ್ಣು ತುಂಬಿ ರಸ್ತೆಯೇ ಮಸುಕಾಯಿತು.

"ಸ್ಟಾರ್ಟ್ ಮಾಡಿ ಗೇರ್ ಹಾಕಿ, ಎಲ್ಲರೂ ಬೈತಿದ್ದಾರೆ," ಎಂದ ಮೆಲ್ಲಗೆ.

"ನೀವು ಕೈ ಬಿಟ್ರೆ ತಾನೇ ಹಾಕೋದು."

ಅವನು ಬಿಡಲಿಲ್ಲ.