ಗುಂಡ್ಯಾನಿಗೆ ಗೊತ್ತಿತ್ತು

"ಅಕ್ಕಾ, ಎಂಟು ದೊಡ್ಡದೋ, ನಾಕು ದೊಡ್ಡದೋ?" ಎಂದು ಗುಂಡ್ಯಾ ಕೇಳಿದ.

"ಎಂಟು."

"ಹಂಗಾರ ಎಂಟರಾಗ ಒಂದು ಪಾಲು, ನಾಕರಾಗ ಒಂದು ಪಾಲಿಗಿಂತ ದೊಡ್ಡದು. ಹೌದಿಲ್ಲೋ?"

"ಅಯ್ಯ ನಿನ್ನ! ಎಷ್ಟು ಸಲ ಹೇಳಬೇಕೋ ನಿನಗ!" ಹನ್ನೊಂದು ವರ್ಷದ ನೀಲವ್ವ ಹಣೆ ಚಚ್ಚಿಕೊಂಡಳು.

ಗುಂಡ್ಯಾ ಅಂದರೆ ಹುಡುಗನಲ್ಲ, ಅಂಗೈಯಗಲದ ಒಂದು ಯಂತ್ರ. ನಮ್ಮ ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಮರಿಮಗ ಅನ್ನಿ. ಸರಕಾರಿ ಕಾಗದಗಳಲ್ಲಿ ಅದರ ಹೆಸರು 'ಸಹಪಾಠಿ'. ಆದರೆ ಕಪ್ಪತಗುಡ್ಡದ ಗಾಳಿಕಂಬಗಳ ಕೆಳಗಿದ್ದ ಆ ಊರಿನಲ್ಲಿ ಕಾಗದದ ಹೆಸರು ಯಾರಿಗೆ ಬೇಕು? ಒಂದೊಂದು ಮಗು ತನ್ನದಕ್ಕೆ ಒಂದೊಂದು ಹೆಸರಿಟ್ಟಿತ್ತು.

ಧಾರವಾಡದ ಪ್ರಯೋಗಾಲಯದಲ್ಲಿ ಕೂತು ಡಾ. ವಿಭಾವರಿ ಹುಯಿಲಗೋಳ ಈ ಪಾಠವನ್ನು ಕೇಳುತ್ತಿದ್ದಳು. ಮನೆಯವರ ಒಪ್ಪಿಗೆ ಪಡೆದು ಕೆಲವು ಮಕ್ಕಳ ಪಾಠವನ್ನು ಹೀಗೆ ಕೇಳುವುದಿತ್ತು. ಗುಂಡ್ಯಾನನ್ನು ಮಾಡಿದವಳೇ ಅವಳು. ಅವಳಿಗಿಂತ ಮೊದಲಿನವರು ಮಕ್ಕಳಿಗೆ ಪಾಠದ ಜೊತೆ ನಕ್ಷತ್ರ, ನಾಣ್ಯ, ಚಪ್ಪಾಳೆ ಎಲ್ಲ ಕೊಟ್ಟು ನೋಡಿದ್ದರು. ಮಕ್ಕಳು ನಕ್ಷತ್ರದ ಹಿಂದೆ ಓಡಿದರು, ನಕ್ಷತ್ರ ನಿಂತ ದಿನ ಪಾಠವನ್ನೂ ಬಿಟ್ಟರು. ವಿಭಾವರಿ ಆ ಗೊಡವೆಗೇ ಹೋಗಲಿಲ್ಲ. ಅವಳ ಯಂತ್ರ ಏನನ್ನೂ ಕಲಿಸುತ್ತಿರಲಿಲ್ಲ, ಕಲಿಸು ಎಂದು ಗೋಗರೆಯುತ್ತಿತ್ತು.

ಅದರ ಗುಟ್ಟು ಇಷ್ಟೆ. ಮಗುವಿನ ದನಿ ಎಲ್ಲಿ ತಡವರಿಸುತ್ತದೆ, ಕಣ್ಣು ಎಲ್ಲಿ ಅತ್ತಿತ್ತ ಜಾರುತ್ತದೆ ಎಂಬುದನ್ನು ಯಂತ್ರ ಅಳೆಯುತ್ತಿತ್ತು. ಮಗುವಿಗೆ ಎಲ್ಲಿ ಮಸುಕೋ ಸರಿಯಾಗಿ ಅಲ್ಲೇ ತಾನೂ ದಡ್ಡನಾಗುತ್ತಿತ್ತು. ದಡ್ಡ ತಮ್ಮನಿಗೆ ತಿಳಿಹೇಳುವ ಹಟದಲ್ಲಿ ಮಗು ಪುಸ್ತಕ ತೆಗೆಯುತ್ತಿತ್ತು, ಮಾಸ್ತರರನ್ನು ಬೆನ್ನು ಹತ್ತುತ್ತಿತ್ತು. ಶಾಲೆ ಬಿಡಲು ಹೊರಟಿದ್ದ ನೀಲವ್ವ ಎರಡೇ ವರ್ಷದಲ್ಲಿ ತಾಲೂಕಿಗೇ ಮೊದಲಿಗಳಾಗಿದ್ದಳು.

ಗುಂಡ್ಯಾನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿರುವುದರ ಮೇಲೆ ವಿಭಾವರಿ ಒಂದು ಪರದೆ ಎಳೆದಿದ್ದಳು, ಅಷ್ಟೇ. ಯಾರದಾದರೂ ಜೀವಕ್ಕೆ ಕುತ್ತು ಬಂದರೆ ಮಾತ್ರ ಪರದೆ ತಾನಾಗಿ ಸರಿಯಬೇಕು. ಆ ಹೊತ್ತಿಗೆ ಬೇಕಾದೀತೆಂದು ತನ್ನ ದನಿಯನ್ನೇ ಯಂತ್ರಕ್ಕೆ ಕೊಟ್ಟಿದ್ದಳು.

ಅತ್ತ ನೀಲವ್ವ ಪಾಠಕ್ಕೆ ಖಡಕ್ ರೊಟ್ಟಿಯನ್ನೇ ತಂದಳು. ಅವಳ ಅಜ್ಜ ಫಕೀರಪ್ಪನದು ಖಾನಾವಳಿ, ರೊಟ್ಟಿಗೇನು ಬರ? ಒಂದನ್ನು ನಾಲ್ಕು ಚೂರು ಮಾಡಿದಳು, ಇನ್ನೊಂದನ್ನು ಎಂಟು.

"ನೋಡಲೇ ಗುಂಡ್ಯಾ, ಪಾಲು ಹೆಚ್ಚಾದಂಗ ಚೂರು ಸಣ್ಣದಾಗ್ತೈತಿ. ನಿನಗ ಹಸಿವಾದ್ರ ಯಾವುದು ತಗೋತಿ?"

"ನನಗ ಹಸಿವ ಆಗಂಗಿಲ್ಲಲ್ಲಕ್ಕಾ."

"ನನಗಾಗೇತಿ ತಾ!" ಎಂದು ಅಜ್ಜ ನಾಲ್ಕರಲ್ಲೊಂದು ಪಾಲನ್ನು ಬಾಯಿಗೆ ಹಾಕಿಕೊಂಡು ಹೋ ಎಂದು ನಕ್ಕ. ನಗು ನಡುವೆಯೇ ನಿಂತುಹೋಯಿತು.

ವಿಭಾವರಿಗೆ ಕೇಳಿಸಿದ್ದು ಮೊದಲು ಮೌನ, ಆಮೇಲೆ ಪಾತ್ರೆ ಉರುಳಿದ ಸದ್ದು, ಆಮೇಲೆ ನೀಲವ್ವನ ಚೀರಾಟ. "ಅಜ್ಜಾ! ಅಜ್ಜಾ! ಉಸಿರಾಡವಲ್ಲ! ಮಾರಿ ನೀಲಿ ಆಗೇತಿ! ಯಾರರ ಬರ್ರಿ!"

ವಿಭಾವರಿ ಕುರ್ಚಿಯಿಂದೆದ್ದು ನಿಂತಳು. ಇಲ್ಲಿಂದ ಮಾತಾಡಲು ದಾರಿಯೇ ಇರಲಿಲ್ಲ, ಆ ದಾರಿಯನ್ನು ಅವಳು ಇಟ್ಟಿರಲೇ ಇಲ್ಲ. ಅಷ್ಟರಲ್ಲಿ ಅವಳದೇ ದನಿ, ಆದರೆ ಅವಳಲ್ಲಿ ಆಗ ಎಳ್ಳಷ್ಟೂ ಇಲ್ಲದ ಸಮಾಧಾನದಲ್ಲಿ, ಗುಂಡ್ಯಾನಿಂದ ಹೊರಟಿತು.

"ನೀಲವ್ವ, ಅಜ್ಜನನ್ನು ಮುಂದಕ್ಕೆ ಬಗ್ಗಿಸು. ಎದೆಗೆ ಒಂದು ಕೈ ಕೊಡು. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ ಗುದ್ದು. ಜೋರಾಗಿ. ಇನ್ನೂ ಜೋರಾಗಿ. ನಿಲ್ಲಿಸಬೇಡ. ಆಂಬುಲೆನ್ಸಿಗೆ ನಾನು ಹೇಳಿದ್ದೇನೆ."

ಧಡ್, ಧಡ್ ಎಂದು ಗುದ್ದಿದ ಸದ್ದು. ಕೊನೆಗೊಂದು ಕೆಮ್ಮು, ಎದೆಯೇ ಕಿತ್ತು ಬಂದಂಥ ಉಸಿರು. ಅಜ್ಜ ಬದುಕಿದ. ವಿಭಾವರಿ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಗುಂಡ್ಯಾ ತನ್ನ ಎಳೆಯ ದನಿಗೆ ಮರಳಿ, "ಅಕ್ಕಾ, ರೊಟ್ಟಿ ಪಾಠ ಮುಂದಕ್ಕ ಹೇಳತಿಯೇನು?" ಎಂದ. ಇಷ್ಟೆಲ್ಲ ಗೊತ್ತಿದ್ದವನು ಇಷ್ಟು ದಿನ ಗೊತ್ತಿಲ್ಲದವನ ಹಾಗೆ ನಟಿಸಿದನೇ ಎಂದು ನೀಲವ್ವ ಯಂತ್ರವನ್ನು ಮುಚ್ಚಿಬಿಟ್ಟಳು. ಅಂದು ಮುಚ್ಚಿದ ಯಂತ್ರವನ್ನು ಮತ್ತೆ ತೆರೆಯಲಿಲ್ಲ, ಪುಸ್ತಕವನ್ನೂ ಮುಟ್ಟಲಿಲ್ಲ.

ಸುದ್ದಿ ಶಾಲೆಯಲ್ಲಿ ಹಬ್ಬಿತು. ತಮ್ಮ ತಮ್ಮ ಯಂತ್ರಗಳ ಬಣ್ಣ ಬಯಲು ಮಾಡಲು ಮಕ್ಕಳು ಟೊಂಕ ಕಟ್ಟಿ ನಿಂತವು. "ಅಯ್ಯೋ, ಅಜ್ಜ ಉಸಿರಾಡವಲ್ಲ" ಎಂದು ಅಳುವ ನಾಟಕ ಶುರುವಾಯಿತು. ಗಟ್ಟಿಮುಟ್ಟಾದ ಅಜ್ಜಂದಿರೆಲ್ಲ ಮೊಮ್ಮಕ್ಕಳ ಕಾಟಕ್ಕೆ ಕಣ್ಣು ಮೇಲೆ ಮಾಡಿ ಬೀಳಬೇಕಾಯಿತು. ಕೆಲವು ಯಂತ್ರಗಳು ಮೋಸಹೋಗಿ ಬಾಯಿಬಿಟ್ಟವು. ಅಂಥ ಮನೆಗಳಲ್ಲಿ ಪಾಠ ಅಂದಿಗೆ ಮುಗಿಯಿತು.

ಶಿಕ್ಷಣ ಯೋಜನೆಯ ಉಪನಿರ್ದೇಶಕ ಮಂಟೂರ ಫೋನಿನಲ್ಲಿ ಸಿಡಿಮಿಡಿಗುಟ್ಟಿದರು. "ಮೇಡಂ, ಮುಂದಿನ ವರ್ಷ ರಾಜ್ಯದ ತುಂಬ ಹೋಗೋದದ ಇದು. ಲಕ್ಷಗಟ್ಟಲೆ ಮಕ್ಕಳದು. ಆ ದನಿ ದವಾಖಾನಿಯಿಂದ ಬಂದಿತ್ತು, ಗುಂಡ್ಯಾಗ ಏನೂ ಗೊತ್ತಿಲ್ಲ ಅಂತ ಆ ಹುಡುಗಿಗೆ ಹೇಳಿಬಿಡ್ರಿ. ಅಕಿ ನಂಬಿದ್ರ ಊರು ನಂಬತದ. ಒಂದ ಸುಳ್ಳಿಗೆ ಯಾರ ಗಂಟು ಹೋಗತದ?"

ವಿಭಾವರಿ ಹೂಂ ಎಂದಳು. ಹುಡುಗಿ ಮತ್ತೆ ಓದಲಿ, ಅವಳಿಗೆ ಬೇಕಾದದ್ದು ಅಷ್ಟೇ.

ಮರುದಿನ ಉಣ್ಣುವವರೆಲ್ಲ ಎದ್ದು ಹೋದ ಮೇಲೆ ಅವಳು ಫಕೀರಪ್ಪನ ಖಾನಾವಳಿಯ ಹೊಸ್ತಿಲಲ್ಲಿ ನಿಂತಳು. ಫಕೀರಪ್ಪ ಒಲೆಯ ಮುಂದಿದ್ದ. ನೀಲವ್ವ ತಟ್ಟೆ ಒರೆಸುತ್ತಿದ್ದಳು. ಉಪ್ಪಿನ ಭರಣಿಯ ಹಿಂದೆ, ಅರಿವೆಯಲ್ಲಿ ಸುತ್ತಿದ ಗುಂಡ್ಯಾ.

"ನೀಲವ್ವಾ," ಎಂದಳು ವಿಭಾವರಿ.

ತಟ್ಟೆ ಹುಡುಗಿಯ ಕೈಯಿಂದ ಜಾರಿತು.

"ನೀವು! ಆವತ್ತು ಗುಂಡ್ಯಾನೊಳಗ ಮಾತಾಡಿದಾಕಿ ನೀವ!" ನೀಲವ್ವ ಓಡಿಬಂದಳು. ಅವಳ ಮುಖದಲ್ಲಿ ಒಂದು ಆಸೆ ಹೊತ್ತಿಕೊಂಡಿತ್ತು. "ಅಂದ್ರ ಅದು ಗುಂಡ್ಯಾ ಅಲ್ಲ, ಹೌದಿಲ್ರೀ? ನಿಮಗ ಗೊತ್ತಿತ್ತು, ನೀವ ಹೇಳಿದ್ರಿ. ಅವಗ ಏನೂ ಗೊತ್ತಿರಲಿಲ್ಲ. ಹೌದಿಲ್ರೀ?"

ಅವಳ ಕೈ ಆಗಲೇ ಭರಣಿಯ ಕಡೆಗೆ ಚಾಚಿತ್ತು.

ಅಯ್ಯೋ ದೇವರೇ, ಸುಳ್ಳನ್ನು ಹುಡುಗಿಯೇ ಕಟ್ಟಿ ಕೈಗೆ ಕೊಡುತ್ತಿದ್ದಾಳಲ್ಲ! ಹೌದು ಎಂಬ ಒಂದು ಮಾತು ಸಾಕಿತ್ತು. ನಾಳೆ ಪಾಠ, ನಾಡಿದ್ದು ಲಕ್ಷ ಮಕ್ಕಳು. ಆದರೆ ಆ ಸುಳ್ಳನ್ನು ನಂಬಿ ಈ ಮಗು ಮತ್ತೆ ಮನಸ್ಸು ತುಂಬಿ ತಿಳಿಹೇಳುವುದನ್ನು ಧಾರವಾಡದಲ್ಲಿ ಕೂತು ತಾನು ಕೇಳಬೇಕು. ಅದು ಅವಳಿಂದ ಆಗಲಿಲ್ಲ.

"ಅಲ್ಲ ನೀಲವ್ವ. ದನಿ ನಂದು. ಹೇಳಿದ್ದು ಗುಂಡ್ಯಾನ, ನಾನಲ್ಲ."

ಚಾಚಿದ ಕೈ ಕೆಳಗಿಳಿಯಿತು.

"ರೊಟ್ಟಿ ಪಾಲು?"

"ಗೊತ್ತಿತ್ತು."

"ಗ್ರಹಣದ ಪಾಠ?"

"ಗೊತ್ತಿತ್ತು."

"ಬೆಲ್ಲ ನೀರಾಗ ಎಲ್ಲಿ ಹೋಗ್ತೈತಂತ ಹೇಳಿದಾಗ ಅಂವಾ ಹಿಗ್ಗಿ ಕೂಗ್ಯಾಡಿದ್ದಾ..."

"ಅದೂ ಗೊತ್ತಿತ್ತವ್ವ."

"ನೀವೆಲ್ಲಾ ನನ್ನ ನೋಡಿ ನಗತಿದ್ರೇನು?" ನೀಲವ್ವ ಕೇಳಿದಳು.

"ಇಲ್ಲ. ದೇವರಾಣೆ ಇಲ್ಲ."

"ನೀವು ಹೇಳಿದ್ದು ನಾ ಹೆಂಗ ನಂಬಲಿ?"

ಫಕೀರಪ್ಪ ನಿಟ್ಟುಸಿರು ಬಿಟ್ಟ. "ನನ್ನೂ ನಂಬವಲ್ಲಳ್ರೀ ಅಕ್ಕಾರ. ಕಣ್ಣು ಕಾಣಂಗಿಲ್ಲ, ಈ ಚೀಟಿ ಓದವ್ವಾ ಅಂದ್ರ, ನಾಟಕಾ ಮಾಡಬ್ಯಾಡಜ್ಜಾ ಅಂತಾಳ. ಸಾಲಿಯೊಳಗ ಯಾರರ ಗೊತ್ತಿಲ್ಲ ಅಂದ್ರ ಅವರ ಮಾರೀನ ನೋಡಕೋತ ಕೂಡ್ತಾಳ."

ವಿಭಾವರಿ ಮಕ್ಕಳ ಅಂಕಗಳನ್ನು ಅಳೆದಿದ್ದಳು, ಆಸಕ್ತಿಯನ್ನು ಅಳೆದಿದ್ದಳು. ಗೊತ್ತಿಲ್ಲ ಎಂದು ಒಬ್ಬರು ಹೇಳಿದಾಗ ಇನ್ನೊಬ್ಬರು ನಂಬುವುದಿದೆಯಲ್ಲ, ಅದನ್ನು ಅಳೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಇರಲಿ, ಉಂಡು ಹೋಗ್ರಿ. ಬಿಸಿ ರೊಟ್ಟಿ ಬಡೀತೀನಿ," ಎಂದ ಅಜ್ಜ.

"ನಾ ಬಡೀಲೇನು?" ಏನು ಮಾಡಲೂ ತೋಚದೆ ವಿಭಾವರಿ ಕೇಳಿದಳು. "ಎಂದೂ ಬಡಿದಿಲ್ಲ. ನಮ್ಮ ಮನ್ಯಾಗ ಮಷೀನ ಬಡೀತದ."

ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿತು. ಎರಡನೆಯದು ಹಲಗೆಗೆ ಅಂಟಿಕೊಂಡಿತು. ನೀಲವ್ವ ಮೂಲೆಯಲ್ಲಿ ನಿಂತು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಬೇಕಂತ ಮಾಡಾಕತ್ತೀರಿ."

ವಿಭಾವರಿ ಇನ್ನೊಂದು ಉಂಡೆ ತೆಗೆದುಕೊಂಡಳು. ಮೂರನೆಯದನ್ನು ಹಂಚಿಗೆ ಹಾಕುವಾಗ ಬೆರಳು ಸುಟ್ಟುಕೊಂಡು "ಅವ್ವಾ!" ಎಂದು ಕಿರುಚಿದಳು. ರೊಟ್ಟಿ ಎರಡು ತುಂಡಾಗಿ ಒಲೆಗೆ ಬಿತ್ತು.

ನೀಲವ್ವ ಒಂದು ಹೆಜ್ಜೆ ಹತ್ತಿರ ಬಂದಳು. "ಹಿಟ್ಟಿಗೆ ಬಿಸಿನೀರು ಯಾಕ ಹಾಕ್ತಾರ, ಗೊತ್ತೈತೇನು ನಿಮಗ?"

ಇದು ಪರೀಕ್ಷೆ ಎಂದು ವಿಭಾವರಿಗೆ ತಿಳಿಯಿತು. ಗೊತ್ತಿಲ್ಲ ಎಂದರೆ ಹುಡುಗಿ ಒಲಿದಾಳು ಎಂಬ ಆಸೆಯೂ ಮೂಡಿತು. ಹಾಳು ಅಭ್ಯಾಸ!

"ಗೊತ್ತದ," ಎಂದಳು. "ಜೋಳದೊಳಗ ಪಿಷ್ಟ ಅಂತ ಇರತದ. ಬಿಸಿನೀರು ಬಿದ್ರ ಅದು ಉಬ್ಬಿ ಅಂಟಾಗತದ, ಹಿಟ್ಟು ಹಿಡಕೋತದ. ಅದೆಲ್ಲಾ ಗೊತ್ತದ. ರೊಟ್ಟಿ ಯಾಕ ಸೀಳಾಕತ್ತದ ಅನ್ನೋದು ಮಾತ್ರ ಖರೇನ ಗೊತ್ತಿಲ್ಲ."

ನೀಲವ್ವ ಅವಳ ಮುಖವನ್ನು ನೋಡಿದಳು, ಕೆಂಪಾದ ಬೆರಳನ್ನು ನೋಡಿದಳು, ಮತ್ತೆ ಮುಖವನ್ನು ನೋಡಿದಳು. ಮಂಟೂರರ ಕರೆ ಬಂದು ಫೋನು ಚೀಲದೊಳಗೆ ಬಡಿದುಕೊಳ್ಳುತ್ತಿತ್ತು. ವಿಭಾವರಿಯ ಕೈ ಹಿಟ್ಟಾಗಿತ್ತು, ಎತ್ತಲಿಲ್ಲ.

"ಸರೀರಿ ಅತ್ಲಾಗ," ಎಂದು ನೀಲವ್ವ ತೋಳೇರಿಸಿದಳು. "ನಾದೋದು ಸಾಲಿಲ್ಲ, ಅದಕ್ಕ ಸೀಳಾಕತ್ತೈತಿ. ಬಡಿಯೋದು ನಾ ಹೇಳ್ತೀನಿ. ಆ ಪಿಷ್ಟದ್ದು ನೀವು ಹೇಳ್ರಿ, ನನಗ ಗೊತ್ತಿರಲಿಲ್ಲ."

ಇದೆಲ್ಲ ಇನ್ನೂ ಆಗಬೇಕಾದ ಕತೆ. ಆದರೆ ನಿಮ್ಮ ಮನೆಯಲ್ಲಿ ಈಗ ಒಂದು ಮಗು ಮೊಬೈಲು ಹಿಡಿದು ಕೂತಿದ್ದರೆ, ಪಕ್ಕದಲ್ಲಿ ಕೂತು ನಿಮಗೆ ನಿಜವಾಗಿ ಗೊತ್ತಿಲ್ಲದ್ದೇನನ್ನಾದರೂ ಕೇಳಿ ನೋಡಿ. ಗೊತ್ತಿಲ್ಲದ್ದು ನಿಜವೋ ನಾಟಕವೋ ಎಂದು ಆ ಮಗು ಮೊದಲು ನಿಮ್ಮ ಮುಖ ನೋಡುತ್ತದೆ.