ಮುಂದಿನ ಸಾಲಿನ ಮೈಕ್

"ಈ ಮೈಕ್ ತಾನಾಗೇ ಸತ್ತಿದ್ಯಾ, ಇಲ್ಲ ನೀವೇ ಕೊಂದ್ರಾ?"

ರಾಷ್ಟ್ರದಿನದ ಹಾಡಿನ ತಾಲೀಮಿನಲ್ಲಿ, ಡಿಪೋ ಸಭಾಂಗಣದ ವೇದಿಕೆ ಮೇಲಿಂದ ಕೇಳಿದವಳು ಬಸ್ ಕಂಡಕ್ಟರ್. ಕೆಳಗೆ ವೈರುಗಳ ನಡುವೆ ಕೂತಿದ್ದ ಹೊಸ ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿದ. ಮೊದಲ ಭೇಟಿಗೇ ಜಗಳ!

"ಆಫ್ ಮಾಡಿದ್ದು ನಾನೇ. ಮ್ಯಾನೇಜರ್ ಹೇಳಿದ್ರು. ನಿಮ್ಮ ಕಡೆಯವರ ಉಚ್ಚಾರಣೆ ರಾಷ್ಟ್ರಗೀತೆಗೆ ಒಗ್ಗಲ್ವಂತೆ... ನಿಮ್ಮ ಜನರ ಉಡುಪು ಹಾಕ್ಕೊಂಡು ಮುಂದೆ ನಿಂತು ಬಾಯಾಡ್ಸಿದ್ರೆ ಸಾಕಂತೆ. ಫೋಟೋಗೆ."

ಅವಳ ಅಜ್ಜಿ ಗಡಿ ದಾಟಿ ಬಂದದ್ದು ಕೈಗೂಸಾಗಿ. ಅಮ್ಮ ಹುಟ್ಟಿದ್ದು ಇಲ್ಲೇ, ಇವಳೂ ಇಲ್ಲೇ. ಆದರೂ 'ನಿಮ್ಮ ಕಡೆಯವರು'! ಯಾವ ಕಡೆ?

"ಮುಖ ಬೇಕು, ದನಿ ಬೇಡ. ನಿಮ್ಗೇನೂ ಅನ್ನಿಸ್ಲಿಲ್ವಾ?"

ಅವನು ಮತ್ತೆ ವೈರುಗಳತ್ತ ಬಗ್ಗಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಮರುದಿನದಿಂದ ಅವನು ಅವಳ ಬಸ್ಸಿನಲ್ಲೇ ಬರತೊಡಗಿದ. ಹಿಂದಿನ ಸೀಟು. ಅವಳು ನಿಲ್ದಾಣದ ಹೆಸರು ಕೂಗಿದರೆ ಬೀದಿಯಾಚೆಯ ಅಂಗಡಿಯವನೂ ತಿರುಗಿ ನೋಡುತ್ತಿದ್ದ.

"ಟಿಕೆಟ್!"

"ಕ್ಷಮಿಸಿ ಅಂತ ಕೇಳೋಕೆ ಬಂದೆ."

"ಅದಕ್ಕೆ ಟಿಕೆಟ್ ಇಲ್ಲ. ಎಲ್ಲಿಗೆ ಹೇಳಿ!"

ನಗು ಬಂತು, ನುಂಗಿಕೊಂಡಳು. ಇವನ ಮೇಲೆ ಕೋಪ ಯಾಕೆ ನಿಲ್ಲುತ್ತಿಲ್ಲ?

ರಾಷ್ಟ್ರದಿನದ ಬೆಳಗ್ಗೆ ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ಕೆಲಸ ಉಳಿಸ್ಕೊಳ್ಳೇ. ಬಾಯಾಡ್ಸಿ ಬಾ, ನಮ್ಮ ಗಂಟೇನು ಹೋಗುತ್ತೆ?"

"ನನ್ನ ದನಿ ಹೋಗುತ್ತಮ್ಮ."

ಅವಳು ಹೋದದ್ದು ಕಂಡಕ್ಟರ್ ಸಮವಸ್ತ್ರದಲ್ಲಿ.

"ನಿಮ್ಮ ಉಡುಪೆಲ್ಲಿ?" ಮ್ಯಾನೇಜರ್ ಹುಬ್ಬೇರಿಸಿದರು.

"ಇದೇ ಸಾರ್. ದಿನಾ ಹಾಕೋದು."

ಮ್ಯಾನೇಜರ್ ಸಿಡಿಮಿಡಿಗೊಂಡು ಅವಳ ಮೈಕ್ ಬಳಿ ಬಗ್ಗಿ ಏನೋ ಮಾಡಿ ಹೋದರು. ಅವಳು ಮೈಕ್ ತಟ್ಟಿದಳು. ಸದ್ದಿಲ್ಲ. ಎಲೆಕ್ಟ್ರಿಷಿಯನ್ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಿದ. ಇಷ್ಟೇನಾ ಇವನು? ಆದರೂ ಹಾಡಿಯೇ ತೀರುತ್ತೇನೆ!

ಗೀತೆ ಶುರುವಾಯಿತು. ಎರಡನೇ ಸಾಲಿಗೆ ಎಲ್ಲ ಮೈಕುಗಳೂ ಒಟ್ಟಿಗೇ ಸ್ತಬ್ಧ! ಹಾಡುಗಾರರು ಗಲಿಬಿಲಿಗೊಂಡು ನಿಂತರು.

ಒಂದು ದನಿ ಮಾತ್ರ ನಿಲ್ಲಲಿಲ್ಲ. ಬಸ್ಸಿನ ಗದ್ದಲದಲ್ಲಿ ಪಳಗಿದ ಆ ಗಂಟಲಿಗೆ ಮೈಕ್ ಯಾಕೆ? ಹಿಂದಿನ ಸಾಲಿನ ಡ್ರೈವರುಗಳು ದನಿಗೂಡಿಸಿದರು, ಮೆಕ್ಯಾನಿಕ್‌ಗಳು ಎದ್ದು ನಿಂತು ಹಾಡಿದರು. ಉಚ್ಚಾರಣೆಯ ವಿಷಯ ಯಾರೂ ಎತ್ತಲಿಲ್ಲ.

ಸಭಾಂಗಣ ಖಾಲಿಯಾದಾಗ ಅವನು ವೈರು ಸುತ್ತುತ್ತಿದ್ದ.

"ನನ್ನದೊಂದನ್ನ ಆನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ನಿಮ್ಮ ಮೈಕಿನ ವೈರನ್ನ ಮ್ಯಾನೇಜರ್ ಕಿತ್ತು ಜೇಬಿಗೆ ಹಾಕ್ಕೊಂಡಿದ್ರು. ಮಿಕ್ಕವೆಲ್ಲ ನನ್ನ ಕೈಲಿದ್ವು, ಆಫ್ ಮಾಡ್ಬಿಟ್ಟೆ..."

"ಕೆಲಸ ಹೋದ್ರೆ?"

"ಮೆಮೋ ಕೊಡ್ತಾರಂತೆ, ಕೊಡ್ಲಿ. ಅವತ್ತು ಕೇಳಿದ್ರಲ್ಲ, ಏನೂ ಅನ್ನಿಸ್ಲಿಲ್ವಾ ಅಂತ? ಅನ್ನಿಸಿತ್ತು. ಹೇಳೋ ಧೈರ್ಯ ಇರ್ಲಿಲ್ಲ. ಇವತ್ತು ಇನ್ನೊಂದನ್ನೂ ಹೇಳ್ಬಿಡ್ತೀನಿ... ನೀವಂದ್ರೆ ನಂಗಿಷ್ಟ."

ಅವಳ ಕಣ್ಣು ತುಂಬಿತು. "ನಿಮ್ಮ ಮನೇಲಿ ನನ್ನನ್ನ 'ಆ ಕಡೆಯವಳು' ಅಂತಾರೆ."

"ಅಂದಾಗ ನಾನು ಸುಮ್ನಿರಲ್ಲ. ಇನ್ಮೇಲೆ ಯಾವತ್ತೂ."

ಅವಳು ವೈರಿನ ಇನ್ನೊಂದು ತುದಿ ಹಿಡಿದು ಸುತ್ತತೊಡಗಿದಳು.

"ನಾಳೆ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂರ್ಬೇಡಿ."

"ಮತ್ತೆ?"

"ನನ್ನ ಪಕ್ಕ. ಟಿಕೆಟ್ ಮಾತ್ರ ತಗೋಬೇಕು!"